ಮಸಿ ಬಳಿದುಕೊಳ್ಳದ ರೈತ

"ಗುರುಗಳೇ, ನ್ಯಾಯ ನಮ್ಮ ಕಡೆಗಿರುವಾಗ ಸ್ವಲ್ಪ ಮರೆಮಾಚಿದರೆ ತಪ್ಪೇನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು: "ಇದು ನನ್ನದು ಎನ್ನುವವನು ಎದುರಿಗೆ ನಿಂತು, ಮುಖ ತೋರಿಸಿ ಹೇಳಬೇಕು. ನಾನೀಗ ಹೇಳುವ ಕತೆಯಲ್ಲಿ ಒಬ್ಬನ ಹೊರತು ಎಲ್ಲರೂ ಮುರಿದದ್ದು ಈ ನಿಯಮವನ್ನೇ.

"ಅಮೆರಿಕಕ್ಕೆ ಜನ ಹಡಗೇರಿ ಹೋಗುತ್ತಿದ್ದ ಕಾಲ. ಕೆಲವು ಬಡವರು ಒಂದು ಕಾಡಿನಲ್ಲಿ ನೆಲೆಸಿದರು. ಮರ ಕಡಿದರು, ಬೇರು ಕಿತ್ತರು, ಮುಸುಕಿನ ಜೋಳ ಬೆಳೆದರು. ಆಗ ದೂರದ ಪಟ್ಟಣದ ಒಡೆಯನೊಬ್ಬ, 'ಅರಸರು ನನ್ನ ಅಜ್ಜನಿಗೆ ಬರೆದುಕೊಟ್ಟ ನೆಲವಿದು, ಬಿಟ್ಟು ಹೋಗಿ' ಎಂದು ಹೇಳಿಕಳಿಸಿದ. ತಾನು ಬರಲಿಲ್ಲ. ನೆಲ ಅಳೆಯುವ ಸರಪಳಿ ಕೊಟ್ಟು ಅಳತೆಯವರನ್ನು ಅಟ್ಟಿದ.

"ರೈತರು ಮುಖಕ್ಕೆ ಮಸಿ ಬಳಿದು, ಕಂಬಳಿ ಹೊದ್ದು, ತಲೆಗೆ ಗರಿ ಸಿಕ್ಕಿಸಿ, ಆ ಕಾಡಿನ ಮೂಲನಿವಾಸಿಗಳ ವೇಷದಲ್ಲಿ ಅಳತೆಯವರ ಮೇಲೆ ಬಿದ್ದರು. ಹೊಡೆದು ಓಡಿಸಿದರು. ಸರಪಳಿಯನ್ನು ಹಳ್ಳಕ್ಕೆ ಎಸೆದರು. ಒಬ್ಬ ರೈತ ಮಾತ್ರ ಹೋಗಲಿಲ್ಲ. ಮಸಿಯ ಕುಡಿಕೆ ತಂದ ನೆರೆಯವನು ಛೇಡಿಸಿದ: 'ಏನು ಮಾರಾಯ, ಅಂದ ಕೆಡುತ್ತದೆಂದೋ?'

"'ನನ್ನ ಅಂದ ನೋಡಿ ನೋಡಿ ಹೆಂಡತಿಗೇ ಸಾಕಾಗಿದೆ. ಆದರೆ ಹೊಲ ಹಸನು ಮಾಡಿದ್ದು ಈ ಮೋರೆಯವನು. ಅದು ನನ್ನದೆಂದು ಕೇಳುವವನೂ ಇವನೇ.'

"ಮರುದಿನ ಅಧಿಕಾರಿ ಸಿಪಾಯಿಗಳೊಡನೆ ಬಂದ. 'ಹೊಡೆದದ್ದು ಯಾರೋ ಕಾಡಿನವರು ಸ್ವಾಮಿ, ನಮಗೇನು ಗೊತ್ತು' ಎಂದರು ರೈತರು. 'ಹಾಗಾದರೆ ಅವರ ಗುಡಿಸಲುಗಳಿಗೆ ಬೆಂಕಿ ಇಡಿಸುತ್ತೇನೆ' ಎಂದು ಅಧಿಕಾರಿ ಕುದುರೆ ತಿರುಗಿಸಿದ. ಮಸಿ ಬಳಿದುಕೊಳ್ಳದ ರೈತ ಒಂದು ಹೆಜ್ಜೆ ಮುಂದಿಟ್ಟ. ನೆರೆಯವನು ರೈತನ ತೋಳು ಹಿಡಿದ. 'ಬಾಯಿ ಬಿಟ್ಟೀಯ! ಮೊದಲು ಹೋಗುವುದು ನಿನ್ನ ಹೊಲವೇ.'

"ರೈತ ಕೈ ಬಿಡಿಸಿಕೊಂಡು ಕುದುರೆಯ ಮುಂದೆ ನಿಂತ. 'ಹೊಡೆದದ್ದು ನಾವು' ಎಂದ. ಹೊಡೆಯಲು ಹೋಗದವನೂ 'ನಾವು' ಎಂದ. 'ನನ್ನ ಹೆಸರು ಎಜ್ರಾ ಥಾರ್ನ್. ಉಳಿದವರ ಹೆಸರನ್ನು ಅವರವರೇ ಹೇಳಲಿ.' ಆಮೇಲೆ ಹಳ್ಳಕ್ಕಿಳಿದು ಸರಪಳಿಯನ್ನು ಎಳೆದು ತಂದ. ಅದರ ಒಂದು ತುದಿಯನ್ನು ತನ್ನ ಹೊಲದ ಅಂಚಿನಲ್ಲಿ ಇಟ್ಟ. 'ಅಳತೆ ಇಲ್ಲಿಂದಲೇ ಶುರುವಾಗಲಿ. ನಿಮ್ಮ ಒಡೆಯನನ್ನೂ ಕರೆಸಿ. ಈ ನೆಲ ನನ್ನದು ಎಂದು ಅವನ ಮುಖ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ನಾನು ಕದಲುವವನಲ್ಲ' ಎಂದು ಅದರ ಮೇಲೆ ಕಾಲೂರಿ ನಿಂತ."

ಶಿಷ್ಯ ತಡೆಯಲಾರದೆ ಕೇಳಿದ: "ಅವನ ಹೊಲ ಉಳಿಯಿತೇ?"

"ಆ ಪ್ರಶ್ನೆಯನ್ನು ಅವನು ಮೊದಲೇ ಕೇಳಿಕೊಂಡಿದ್ದರೆ, ನಿನಗೆ ಹೇಳಲು ನನ್ನಲ್ಲಿ ಕತೆಯೇ ಇರುತ್ತಿರಲಿಲ್ಲ" ಎಂದರು ಗುರುಗಳು.