ಬಾಲ ಹೇಳಿದ ಕಬಡ್ಡಿ

ಒಂದು ಕಾಡಿನಲ್ಲಿ ಎರಡು ವಿಶ್ವವಿದ್ಯಾಲಯಗಳಿದ್ದವು. ನಗುವವರು ಈಗಲೇ ನಕ್ಕು ಮುಗಿಸಿ. ನಂಬುವುದಿಲ್ಲ ಎನ್ನುವ ಗಟ್ಟಿಗರು ಯಾರಾದರೂ ಇದ್ದರೆ ಕೊನೆಯವರೆಗೂ ಕೂತು, ಆಮೇಲೆ ನಂಬದೆ ತೋರಿಸಿ.

ಹಳ್ಳದ ಈಚೆಗೆ ಬಿದಿರುಮೆಳೆ ವಿಶ್ವವಿದ್ಯಾಲಯ, ಆಚೆಗೆ ಮಡುವಿನಕೊಪ್ಪ ವಿಶ್ವವಿದ್ಯಾಲಯ. ನಡುವೆ ನಾಲ್ಕು ಮಾರು ನೀರು, ಅಷ್ಟೆ. ಜಗಳ ಮಾತ್ರ ಸಮುದ್ರದಷ್ಟು. ಮಡುವಿನಕೊಪ್ಪದ ಕುಲಪತಿ ಆಮೆ. "ಅವರ ಕುಲಪತಿ ವೇದಿಕೆ ಹತ್ತುವಷ್ಟರಲ್ಲಿ ಮುಂದಿನ ವರ್ಷದವರೂ ಪಾಸಾಗಿರುತ್ತಾರೆ" ಎಂದು ಬಿದಿರುಮೆಳೆಯವರು ಆಡಿಕೊಳ್ಳುತ್ತಿದ್ದರು. "ನಾವು ನಿಧಾನವೇ, ಒಪ್ಪಿದೆವು. ಮೂರು ವರ್ಷದಿಂದ ಕಬಡ್ಡಿ ಕಪ್ ಯಾರ ಹತ್ತಿರ ಇದೆ?" ಎಂದು ಆಚೆಯವರು ತಿರುಗಿ ಕೇಳುತ್ತಿದ್ದರು.

ಬಿದಿರುಮೆಳೆ ತಂಡದ ನಾಯಕ ಕೆಂಚನೆಂಬ ನರಿ. ಅದು ಅವನ ಕೊನೆಯ ವರ್ಷ. ಈ ಸಲ ಗೆದ್ದ ನಾಯಕನಿಗೇ ಇಡೀ ಕಾಡಿನ ತಂಡದ ನಾಯಕತ್ವ ಎಂದು ತೀರ್ಮಾನವಾಗಿತ್ತು. ಕೆಂಚನಿಗೆ ಅದು ಬೇಕೇ ಬೇಕಿತ್ತು. ಅವನಿಗೆ ಕಾಲಿತ್ತು, ಕಣ್ಣಿತ್ತು, ಬಾಯಂತೂ ಧಾರಾಳವಾಗಿತ್ತು. ಇಲ್ಲದ್ದು ದಮ್ಮು ಒಂದೇ. ಎದುರಾಳಿಯ ಅಂಕಣಕ್ಕೆ ನುಗ್ಗಿದವನು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಮುಟ್ಟಿ ಬರಬೇಕು. ಉಸಿರು ಕಡಿದರೆ ಔಟ್. ಕೆಂಚನ ಉಸಿರು ಹತ್ತನೆಯ ಕಬಡ್ಡಿಗೇ ಕಡಿಯುತ್ತಿತ್ತು.

ಅವನು ಗೊರವಂಕ ಹಕ್ಕಿಯ ಹತ್ತಿರ ಹೋದ. ಯಾರ ದನಿಯನ್ನಾದರೂ ಇದ್ದ ಹಾಗೇ ಆಡಿ ತೋರಿಸುವವಳು ಅವಳು.

"ಅಕ್ಕಾ, ನನ್ನ ಬಾಲದ ಕೂದಲೊಳಗೆ ಕೂತು ನನ್ನ ದನಿಯಲ್ಲಿ ಕಬಡ್ಡಿ ಅನ್ನು. ನಾನು ಬರೀ ತುಟಿ ಆಡಿಸುತ್ತೇನೆ. ವರ್ಷವಿಡೀ ನಿನಗೆ ಅತ್ತಿಹಣ್ಣು."

"ಯಾವಾಗ ನಿಲ್ಲಿಸಲಿ ತಮ್ಮಾ? ಬಾಲದೊಳಗೆ ಕೂತವಳಿಗೆ ಗೆರೆ ಕಾಣುತ್ತದೆಯೇ?"

"ಅಂಪೈರ್ ಸೀಟಿ ಊದಿದಾಗ ನಿಲ್ಲಿಸು. ಅದಕ್ಕೆ ಮುಂಚೆ ಸಿಡಿಲು ಬಿದ್ದರೂ ನಿಲ್ಲಿಸಬೇಡ."

ಫೈನಲ್ ದಿನ ಕಾಡೆಲ್ಲ ಬಂದು ಹಳ್ಳದ ದಂಡೆಯಲ್ಲಿ ಕೂತಿತು. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು, ಸಮಸಮ. ಒಂದೊಂದು ತಂಡಕ್ಕೆ ಒಂದೊಂದು ಸರದಿ ಉಳಿದಿತ್ತು. ಕೆಂಚ ಮೊದಲು ನುಗ್ಗಿದ.

ಕಬಡ್ಡಿ ಹತ್ತಾಯಿತು. ಐವತ್ತಾಯಿತು. ನೂರೂ ದಾಟಿತು. ದನಿ ಕಡಿಯಲಿಲ್ಲ. ಮೈ ಕೆರೆದುಕೊಳ್ಳುತ್ತಿದ್ದ ಕೋತಿಗಳ ಕೈ ಹಾಗೇ ನಿಂತಿತು. ಕಾಲು ಹಿಡಿಯಬೇಕಾದ ಎದುರಾಳಿಗಳೇ ಬಾಯಿ ತೆರೆದು ನೋಡುತ್ತಾ ನಿಂತರು. ಕೆಂಚ ಐವರನ್ನು ಮುಟ್ಟಿ ನಡುಗೆರೆ ಹಾರಿ ಬಂದ. ಅಂಪೈರ್ ಕರಡಿ ಮೇಷ್ಟ್ರು ಬೆರಗಿನಲ್ಲಿ ಸೀಟಿಯನ್ನು ತುಟಿಗಿಟ್ಟವರು ಊದುವುದನ್ನೇ ಮರೆತರು.

ಮಡುವಿನಕೊಪ್ಪದ ನಾಯಕಿ ಹೊನ್ನಿ, ನೀರುನಾಯಿ, ಗೆರೆಯ ಹತ್ತಿರ ಬಂದಳು.

"ಅಣ್ಣಾ, ನಾನು ನೀರೊಳಗೆ ಮುಳುಗಿಯೇ ಬೆಳೆದವಳು. ಇಂಥ ದಮ್ಮು ನಮ್ಮಜ್ಜಿಗೂ ಇರಲಿಲ್ಲ. ಎಲ್ಲಿ ಕಲಿತೆ?"

ಕೆಂಚನ ಎದೆ ಉಬ್ಬಿತು. "ಕಲಿಯುವುದೇನು ಬಂತು ತಂಗಿ, ನಮ್ಮ ಮನೆತನದ್ದು. ನಮ್ಮಪ್ಪ ಒಂದೇ ಉಸಿರಿಗೆ ಮೂರು ಗುಡ್ಡ ಹತ್ತುತ್ತಿದ್ದ."

"ಕಬಡ್ಡಿ ಕಬಡ್ಡಿ" ಎಂದಿತು ಬಾಲ.

ಹೊನ್ನಿ ಬಗ್ಗಿ ನೋಡಿದಳು. "ನೀನು ನನ್ನ ಹತ್ತಿರ ಮಾತಾಡುತ್ತಿದ್ದೀಯಲ್ಲ ಅಣ್ಣಾ. ಹಿಂದೆ ಆಡುತ್ತಿರುವವರು ಯಾರು?"

ಕೆಂಚ ಬಾಲವನ್ನು ಕಾಲಸಂದಿಗೆ ಎಳೆದುಕೊಂಡ. ಕಬಡ್ಡಿ ಇನ್ನೂ ಜೋರಾಯಿತು. ಆಗ ಮೇಷ್ಟ್ರಿಗೆ ಎಚ್ಚರವಾಗಿ ಸೀಟಿ ಊದಿದರು. ದನಿ ತಟ್ಟನೆ ನಿಂತಿತು. ಗೊರವಂಕ ಕೂದಲೊಳಗಿಂದ ತಲೆ ಹೊರಹಾಕಿ, "ಮುಗೀತಾ ತಮ್ಮಾ?" ಎಂದಳು.

ದಂಡೆಯಲ್ಲಿ ಎದ್ದ ನಗುವಿಗೆ ಕೊಕ್ಕರೆಗಳು ಹಾರಿಹೋದವು. ಮೇಷ್ಟ್ರು ಐದೂ ಅಂಕ ಹೊಡೆದುಹಾಕಿ ಕೆಂಚನನ್ನು ಗೆರೆಯಾಚೆ ಕೂರಿಸಿದರು.

ಈಗ ಹೊನ್ನಿಯ ಸರದಿ. ಕೆಂಚ ಕೂತಲ್ಲೇ ಎಣಿಸತೊಡಗಿದ. ನೂರರ ಮೇಲೆ ಎಣಿಸುವುದನ್ನು ಬಿಟ್ಟ. ಒಂದೇ ಗಂಟಲು, ಒಂದೇ ಉಸಿರು. ಕಾಡುಹಂದಿ ಅವಳ ಕಾಲು ಹಿಡಿಯಿತು. ಉಳಿದ ಐವರೂ ಮೇಲೆ ಬಿದ್ದರು. ಹೊನ್ನಿ ಕಾಣಲೇ ಇಲ್ಲ. ಆ ರಾಶಿಯ ಅಡಿಯಿಂದ ಮಾತ್ರ ಕಬಡ್ಡಿ ಕಬಡ್ಡಿ ಸಣ್ಣಗೆ, ಕಡಿಯದೆ, ನೆಲದೊಳಗಿನ ಒರತೆಯಂತೆ ಬರುತ್ತಲೇ ಇತ್ತು. ರಾಶಿ ಗೇಣು ಗೇಣಾಗಿ ಸರಿಯಿತು. ಕೊನೆಗೆ ಮಣ್ಣುಮೆತ್ತಿದ ಒಂದು ಪುಟ್ಟ ಪಂಜ ಹೊರಬಂದು ನಡುಗೆರೆ ಮುಟ್ಟಿತು.

ಮೊದಲು ಎದ್ದು ನಿಂತವರು ಬಿದಿರುಮೆಳೆಯವರೇ. ಕೆಂಚನೂ ತನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದ.

ಕಪ್ಪೂ ಕಾಡಿನ ತಂಡದ ನಾಯಕತ್ವವೂ ಹೊನ್ನಿಗೆ ಹೋದವು. ಕೆಂಚನಿಗೆ ಕೊಟ್ಟದ್ದು ಒಂದು ಬುಟ್ಟಿ ಸುಣ್ಣ, ಮತ್ತು ವರ್ಷವಿಡೀ ಎರಡೂ ವಿಶ್ವವಿದ್ಯಾಲಯಗಳ ಅಂಕಣಗಳಿಗೆ ಗೆರೆ ಎಳೆಯುವ ಕೆಲಸ.

ನೀತಿ: ಮೋಸದಿಂದ ಪಡೆದ ಹೊಗಳಿಕೆಯೇ ಮೋಸವನ್ನು ಬಯಲು ಮಾಡುತ್ತದೆ; ಸ್ವಂತ ಸಾಮರ್ಥ್ಯದ ಮುಂದೆ ಎದುರಾಳಿಯೂ ಎದ್ದು ನಿಲ್ಲುತ್ತಾನೆ.