ಮೊಳೆಯದ ಉಳ್ಳಾಗಡ್ಡಿ

ಹೊಳೆಯ ದಂಡೆಗೆ ಒಂದು ಮಠ. ಯಾವ ಹೊಳೆ ಎಂದು ಕೇಳಬೇಡಿ, ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬಂದಾರು. ಹಸಿದು ಬಂದವರಿಗೆ ಅಲ್ಲಿ ರೊಟ್ಟಿ, ಸಾರು ಸಿಗುತ್ತಿತ್ತು. ಅಷ್ಟು ತಿಳಿದರೆ ಸಾಕು.

ಮಠದ ಹಿರಿಯರು ಸಂಗಯ್ಯಜ್ಜ. ಅವರಿಗೆ ಇಬ್ಬರು ಶಿಷ್ಯರು. ಗುರುಪಾದ ಹಾಲುಗೂಸಾಗಿ ಮಠದ ಮೆಟ್ಟಿಲ ಮೇಲೆ ಸಿಕ್ಕವನು. ಅಡಿವೆಪ್ಪ ಮೀಸೆ ಬಂದ ಮೇಲೆ, ಅವ್ವನನ್ನೂ ತಂಗಿಯನ್ನೂ ಆಚೆ ದಂಡೆಯ ಊರಲ್ಲಿ ಬಿಟ್ಟು, ತಾನಾಗಿ ಬಂದವನು.

ಇಬ್ಬರಿಗೂ ಅಜ್ಜ ಹಾಕಿದ ನೇಮ ಒಂದೇ. ಮನೆಯ ಹೆಸರು ಎತ್ತಬಾರದು. ಮನೆಯ ದಾರಿ ಹಿಡಿಯಬಾರದು.

ಮಠದ ಉಗ್ರಾಣ ಅಡಿವೆಪ್ಪನ ಕೈಯಲ್ಲಿತ್ತು. ಅಲ್ಲಿ ಒಂದೇ ಕಾಟ, ಉಳ್ಳಾಗಡ್ಡಿಯದು. ಇಟ್ಟ ಉಳ್ಳಾಗಡ್ಡಿ ಮೊಳೆಯುತ್ತಿತ್ತು, ಕೊಳೆಯುತ್ತಿತ್ತು, ಅರ್ಧಕ್ಕರ್ಧ ತಿಪ್ಪೆ ಸೇರುತ್ತಿತ್ತು.

ಅಷ್ಟರಲ್ಲಿ ಪೇಟೆಗೆ ಒಂದು ಕಾರ್ಖಾನೆ ಬಂತು. ಅಲ್ಲಿ ಗಾಮಾ ಕಿರಣ ಅಂತ ಹಾಯಿಸುತ್ತಾರೆ. ಅದು ಬೆಂಕಿಯಲ್ಲ, ಬಿಸಿಲಲ್ಲ, ಕಣ್ಣಿಗೆ ಕಾಣದ ಬೆಳಕು. ಚೀಲದ ಬಾಯಿ ಬಿಚ್ಚುವುದೂ ಬೇಡ, ಅದರ ಮುಂದೆ ಸಾಗಿಸಿದರೆ ಆಯಿತು. ಒಳಗಿನ ಮೊಳಕೆ ಮತ್ತೆ ಏಳುವುದಿಲ್ಲ. ತಿನ್ನುವವರಿಗೂ ಕೇಡಿಲ್ಲ.

ದೀಪಾವಳಿ ಮುಂದೆ ಅಡಿವೆಪ್ಪ ಎರಡು ರಾಶಿ ಕಳಿಸಿದ. ಒಂದು ಆಗಷ್ಟೇ ಕಿತ್ತು ಒಣಗಿಸಿದ್ದು. ಇನ್ನೊಂದು ಬೇಸಿಗೆಯಲ್ಲಿ ಭಕ್ತರು ಕೊಟ್ಟಿದ್ದು, ಮಳೆಗಾಲವೆಲ್ಲ ಮೂಲೆಯಲ್ಲಿ ಬಿದ್ದಿದ್ದು. ಹಳೆಯದರಲ್ಲಿ ಹಸಿರು ತುದಿ ಕಂಡದ್ದನ್ನೆಲ್ಲ ಆರಿಸಿ ಅಡುಗೆಮನೆಗೆ ಹಾಕಿದ. ಏನೂ ಕಾಣದ್ದನ್ನು ಚೀಲಕ್ಕೆ ತುಂಬಿದ.

ಚೀಲಗಳು ತಿರುಗಿ ಬಂದವು. ಹೋದ ಹಾಗೇ ಬಂದವು.

ಗುರುಪಾದ ಒಂದು ಗಡ್ಡೆ ಎತ್ತಿ ಮೂಸಿ ನೋಡಿದ.

"ಅಜ್ಜಾರ, ಬೆಳಕು ಕಣ್ಣಿಗೆ ಕಾಣೂದಿಲ್ಲ ಅಂತಾರ. ಆ ಕಾರ್ಖಾನಿಯಂವ ಸ್ವಿಚ್ ಹಾಕಿದ್ನೋ, ಚಹಾ ಕುಡಕೋತ ಕುಂತಿದ್ನೋ, ಹೆಂಗ ತಿಳಿಬೇಕು?"

"ಇಟ್ಟು ನೋಡು, ತಿಳಿತೈತಿ," ಅಂದರು ಅಜ್ಜ.

ಇಟ್ಟರು. ಶಿವರಾತ್ರಿ ಹತ್ತಿರ ಬಂತು. ಒಂದು ಗಡ್ಡೆಯೂ ಮೊಳೆಯಲಿಲ್ಲ. ಅಡಿವೆಪ್ಪ ದಿನಾ ರಾಶಿ ಮುಟ್ಟಿ ಹಿಗ್ಗುತ್ತಿದ್ದ.

ಆಗ ಅವನ ತಂಗಿ ಫಕೀರವ್ವ ಹೊಳೆ ದಾಟಿ ಬಂದಳು. ಬಾಗಿಲಲ್ಲೇ ನಿಂತಳು.

"ಅಣ್ಣಾ, ಅವ್ವ ಹಾಸಿಗಿ ಹಿಡದಾಳ. ನಿನ್ನ ಕೇಳಾಕತ್ಯಾಳ."

ಅಡಿವೆಪ್ಪ ಅಜ್ಜನ ಮುಖ ನೋಡಿದ.

"ನೇಮ ಹಾಕಿದಾಂವ ನಾನು, ನಾನ ಬಿಡಸ್ತೀನಿ. ಹೋಗಿ ಬಾ," ಅಂದರು ಅಜ್ಜ.

ಹೋದವನು ಮರುದಿನವೇ ತಿರುಗಿ ಬಂದ. ಅಜ್ಜ ದಂಡೆಯ ಕಲ್ಲಿನ ಮೇಲೆ ಕೂತಿದ್ದರು.

"ಹೆಂಗದಾಳಪಾ ನಿಮ್ಮವ್ವ?"

"ಇವತ್ತೋ ನಾಳೆಯೋ ಅನ್ನೂಹಂಗ ಅದಾಳ್ರಿ."

"ನೀ ಹೆಂಗದಿ?"

"ನೀವು ಕಲಿಸಿದಂಗ ಅದೀನ್ರಿ. ಓಣಿ ಮಂದಿ ಎಲ್ಲಾ ಅಳಾಕತ್ತಿದ್ರು. ನನ್ನ ಕಣ್ಣಾಗ ಒಂದು ಹನಿ ಬರ್ಲಿಲ್ಲ."

ಶಭಾಷ್ ಅನ್ನುತ್ತಾರೆಂದು ಕಾದ. ಅಜ್ಜ ಕೇಳಿದ್ದು ಬೇರೆ.

"ಅವ್ವ ಏನಂದ್ಲು?"

ಅಡಿವೆಪ್ಪ ನೀರಿನ ಕಡೆ ನೋಡಿದ.

"ಕಣ್ಣು ತಗದು ನನ್ನ ಮಾರಿ ನೋಡಿದ್ಲು. ಭಾಳ ಹೊತ್ತು ನೋಡಿದ್ಲು. ಆಮ್ಯಾಲೆ ತಂಗಿನ್ನ ಕರದು, 'ಯಾರೋ ಸ್ವಾಮಿಗೋಳು ಬಂದಾರ, ಒಂದು ಬೊಗಸಿ ಜ್ವಾಳ ನೀಡಿ ಕಳಸವಾ' ಅಂದ್ಲು. ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು."

"ಜ್ವಾಳ ಇಸಗೊಂಡ್ಯೇನು?"

"ಇಸಗೊಂಡೆ ರಿ."

ಜೋಳಿಗೆಯನ್ನು ಹೆಗಲಿನಿಂದ ಇಳಿಸಿ ಕಲ್ಲಿನ ಮೇಲಿಟ್ಟ. ಇಟ್ಟ ಮೇಲೂ ಅವನ ಕೈ ಅದನ್ನು ಬಿಡಲಿಲ್ಲ.

"ಅಲ್ಲಿದ್ದಾಗ ಹೆಮ್ಮಿ ಇತ್ರಿ ಅಜ್ಜಾರ. ಹೊಳಿ ನಡುವ ಬಂದಾಗ ಹೋತು. ದಂಡಿಗೆ ಇಳಿದು ಅಳೂಣಂತ ಕುಂತೆ. ಸಣ್ಣಾಂವ ಇದ್ದಾಗ ಜ್ವರಾ ಬಂದ್ರ ಅವ್ವ ರಾತ್ರೆಲ್ಲಾ ಹೊತಗೊಂಡು ತಿರಗತಿದ್ಲು, ಅದನ್ನ ನೆನಸಿದೆ. ಬರ್ಲಿಲ್ಲ. ಅಕಿ ಸತ್ತಂಗ ನೆನಸಿದೆ. ಆಗೂ ಬರ್ಲಿಲ್ಲ."

ಅಡಿವೆಪ್ಪ ಮಠದ ಕಡೆ ಕೈ ತೋರಿಸಿದ.

"ಗುರುಪಾದಗೂ ಇದ ನೇಮ. ಮೊನ್ನೆ ಅಂಬಿಗರ ಮುದುಕಿ ಸತ್ರ ಅಂವ ತನ್ನ ಹಡದವ್ವ ಸತ್ತಂಗ ಅತ್ತ. ಅಂವಗ ಅಳು ಐತಿ. ನನಗ ಏನ ಮಾಡಿದ್ರಿ ಅಜ್ಜಾರ?"

ಅಜ್ಜ ಎದ್ದರು. ಉಗ್ರಾಣದ ಬಾಗಿಲು ತೆರೆದರು.

"ಹೊಸಾ ರಾಶ್ಯಾಗಿಂದು ಒಂದು, ಹಳೇ ರಾಶ್ಯಾಗಿಂದು ಒಂದು ತಾ. ಛಲೋ ನೋಡಿ ತಾ."

ತಂದ. ಎರಡೂ ಗಟ್ಟಿ, ಎರಡೂ ಕೆಂಪು. ಅಜ್ಜ ಈಳಿಗೆ ಎಳೆದುಕೊಂಡು ಹೊಸದನ್ನು ಸೀಳಿದರು. ಒಳಗೆ ಮೊಸರಿನಷ್ಟು ಬಿಳುಪು.

ಹಳೆಯದನ್ನು ಸೀಳಿದರು. ಪದರ ಎಲ್ಲ ಚೆನ್ನಾಗಿತ್ತು. ನಟ್ಟನಡುವೆ ಮಾತ್ರ, ಮೊಳಕೆ ಇರುವ ಜಾಗ, ಇದ್ದಿಲಿನ ಹಾಗೆ ಕಪ್ಪು.

"ಕೊಳತೈತೇನು?"

ಅಡಿವೆಪ್ಪ ಮೂಸಿದ. "ಇಲ್ರಿ."

"ಹುಳಾ?"

"ಅದೂ ಇಲ್ರಿ."

"ಹಂಗಾದ್ರ ಇದಕ್ಕ ಬಿದ್ದ ಬೆಳಕು ಬ್ಯಾರೆ ಇತ್ತೇನು?"

"ಒಂದ ಗಾಡಿ, ಒಂದ ದಿನ, ಒಂದ ಬೆಳಕು ರಿ. ನಾನ ಹೇರಿ ಕಳಿಸಿದ್ದೆ."

"ಮತ್ತ ಒಂದು ಬೆಳ್ಳಗ, ಒಂದು ಕರ್ರಗ ಯಾಕ?"

ಅಡಿವೆಪ್ಪ ಎರಡೂ ಹೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಉಗ್ರಾಣದ ಕೆಲಸ ಬಲ್ಲವನು, ತಡವಾಗಲಿಲ್ಲ.

"ಹೊಸಾದು ಇನ್ನೂ ನಿದ್ದ್ಯಾಗ ಇತ್ರಿ. ಬೆಳಕು ಬಿದ್ರೂ ಅದಕ್ಕ ಏನೂ ಗೊತ್ತಾಗ್ಲಿಲ್ಲ. ಇದು ಒಳಗ ಎದ್ದಿತ್ತು. ಹೊರಗ ಕಾಣಸ್ಲಿಲ್ಲಂತ ನಾ ಚೀಲಕ್ಕ ಹಾಕಿದೆ. ಎದ್ದ ಮೊಳಕಿ ಅಲ್ಲೇ ಸತ್ತೈತಿ. ಅವತ್ತ ಸೀಳಿದ್ರ ಬೆಳ್ಳಗ ಇರ್ತಿತ್ತೇನೋ. ಇಟ್ಟಂಗ ಇಟ್ಟಂಗ..."

ಹೋಳನ್ನು ಕೆಳಗಿಟ್ಟ.

"ಅಜ್ಜಾರ, ನಾ ಬಂದಾಗ ಹೆಂಗಿದ್ದೆ?"

"ಸಂಜಿ ಆದ ಕೂಡ್ಲೇ ಆಚೆ ದಂಡಿ ನೋಡಕೋತ ನಿಂದರತಿದ್ದಿ. ನಿಮ್ಮೂರ ಒಲಿ ಹೊಗಿ ಏಳೂತನಕ ನಿಂದರತಿದ್ದಿ."

"ನೀವು ಕಂಡಿದ್ರಿ?"

"ಕಂಡಿದ್ದೆ."

"ಕಂಡೂ ನೇಮ ಹಾಕಿದ್ರಿ?"

"ಅದನ್ನ ಹುಳಾ ಅಂತ ತಿಳಕೊಂಡೆ," ಅಂದರು ಅಜ್ಜ.

ಅಡಿವೆಪ್ಪ ನಕ್ಕ.

"ನಾ ಉಳ್ಳಾಗಡ್ಡಿ ಆರಿಸಿದಂಗ ನೀವು ಮನಷ್ಯಾರ್ನ ಆರಿಸಿದ್ರಿ. ನಂದರ ಉಳ್ಳಾಗಡ್ಡಿ ರಿ ಅಜ್ಜಾರ."

"ಹೌದಪಾ."

"ಇನ್ನ ಇದಕ್ಕ ಏನ ಮಾಡೂದು?"

"ಕರೇದು ಕೆತ್ತಿ ತಗದ್ರ ಸಾರಿಗೆ ಬರತೈತಿ. ಉಂಡವರಿಗೆ ಗೊತ್ತೂ ಆಗೂದಿಲ್ಲ. ಇಷ್ಟು ವರ್ಷ ನೀ ಮಠದ ಕೆಲಸಕ್ಕ ಬಂದಿಯಲ್ಲ, ಹಂಗ."

"ನಾ ಸಾರಿನ ಮಾತು ಕೇಳ್ಲಿಲ್ರಿ."

"ಗೊತ್ತೈತಿ. ನೀ ಕೇಳಿದ್ದು ನನ್ನ ಕಡೆ ಇಲ್ಲ. ಕೊಲ್ಲೂ ಬೆಳಕು ಒಂದ ನನಗ ಗೊತ್ತಿತ್ತು."

ಗುರುಪಾದ ಓಡಿ ಬಂದ. ಅವನ ಹಿಂದೆ ಫಕೀರವ್ವ. ಸೀರೆಯ ಅಂಚು ಮೊಣಕಾಲತನಕ ನೆನೆದಿತ್ತು. ಅಡಿವೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಹೋದ್ಲೇನು?"

"ಇಲ್ಲ. ಜೀವಾ ಹಿಡಕೊಂಡಾಳ. 'ನಮ್ಮ ಅಡಿವಿ ಇನ್ನೂ ಯಾಕ ಬರ್ಲಿಲ್ಲ' ಅಂತ ಕೇಳಾಕತ್ಯಾಳ. ಬಂದು ಹೋದ ಅಂದ್ರ ನಂಬವಲ್ಲಳು, ನನಗ ಬೈತಾಳ. ಹಾಸಿಗಿ ದಿನಾ ಹೊಲಸಾಕ್ಕೈತಿ, ಒಗದು ಒಗದು ನನಗೂ ಸಾಕಾಗೈತಿ. ಹರಗೋಲು ನಿಲ್ಲಿಸಿ ಬಂದೀನಿ. ನಡಿ ಅಣ್ಣಾ."

ಅಡಿವೆಪ್ಪ ಕದಲಲಿಲ್ಲ. ಅಜ್ಜನ ಕಡೆ ತಿರುಗಿದ.

"ಮತ್ತ ಹೋಗಿ ಏನ ಮಾಡ್ಲಿರಿ? ಮಾರಿ ಇದ, ಕಣ್ಣೂ ಇವ. ಅಳು ಬರೂದಿಲ್ಲ. ಸುಳ್ಳ ಸುಳ್ಳ ಅಳಾಕ ನನಗ ಬರೂದಿಲ್ಲ."

ಅಜ್ಜ ಕೈ ಚಾಚಿದರು. ಅವನ ಹೆಗಲ ಮೇಲಿನ ಕಾವಿ ವಸ್ತ್ರವನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಬರದಿದ್ರ ಬಿಡು. ಅಳಾಕ ಅಲ್ಲಿ ಓಣಿ ಮಂದಿ ಅದಾರ."

"ಅವ್ವ ಮತ್ತ ಕಣ್ಣು ತಗದು, 'ಯಾರು ಬಂದಾರ' ಅಂದ್ರ?"

"ಹಾಸಿಗಿ ಒಗಿಯಾಂವ ಬಂದಾನ ಅನ್ನು."