ಮುಳ್ಳಜ್ಜಿಯ ಬಾಗಿಲಿಗೆ ಮೂರು ತೂತು

ನೆಲ್ಲಿಗುಡ್ಡದ ಕೆಳಗೆ ಒಂದು ಕುರುಚಲು ಕಾಡಿತ್ತು. ಮಕ್ಕಳೇ, ಆ ಕಾಡಿನ ಪ್ರಾಣಿಗಳು ಬಲು ಬುದ್ಧಿವಂತ ಪ್ರಾಣಿಗಳೆಂದು ಸುತ್ತಲೆಲ್ಲ ಹೆಸರಾಗಿದ್ದವು. ಅವುಗಳ ಬುದ್ಧಿ ಎಷ್ಟಿತ್ತೆಂದು ಕತೆ ಮುಗಿದ ಮೇಲೆ ನೀವೇ ಹೇಳಿ.

ಅಲ್ಲಿ ಗರಿಕಮ್ಮ ಎಂಬ ಮೊಲ ತನ್ನ ಮೂರು ಮರಿಗಳೊಂದಿಗೆ ಹುಲ್ಲಿನ ನಡುವೆ ವಾಸವಾಗಿದ್ದಳು. ಅವಳಿಗೆ ಸ್ವಂತ ಬಿಲವಿರಲಿಲ್ಲ. ಪಕ್ಕದ ಮತ್ತಿಮರದ ಬುಡದಲ್ಲಿ ಆಳವಾದ ಬಿಲ ತೋಡಿಕೊಂಡು ಮುಳ್ಳಜ್ಜಿ ಎಂಬ ಮುದಿ ಮುಳ್ಳುಹಂದಿ ಇದ್ದಳು. ಅಗೆದು ತಂದ ಗೆಣಸಿನಲ್ಲಿ ಎಳೆಯದನ್ನು ಆರಿಸಿ ಅವಳು ಮೊಲದ ಮರಿಗಳಿಗೆಂದು ಎತ್ತಿಡುತ್ತಿದ್ದಳು. ಮರಿಗಳು ಬಂದರೆ ಮುಳ್ಳನ್ನೆಲ್ಲ ಒತ್ತಿ ಮಲಗಿಸಿಕೊಂಡು, "ಮೆಲ್ಲಗೆ ಬನ್ನಿ ಕಂದಾ, ಚುಚ್ಚೀತು" ಎನ್ನುತ್ತಿದ್ದಳು.

ಒಂದು ವರ್ಷ ಒಂದು ಜಿಂಕೆಮರಿ ಕಾಸರಕದ ಹಣ್ಣು ತಿಂದು ಸತ್ತುಹೋಯಿತು. ನೋಡಲು ಕಿತ್ತಳೆಯಂಥ ಚೆಂದದ ಹಣ್ಣು, ಒಳಗೆಲ್ಲ ವಿಷ. ಆಗ ಕುಟಿಗಪ್ಪ ಎಂಬ ಮರಕುಟಿಗ ಒಂದು ಉಪಾಯ ಹೂಡಿದ. ಕಾಸರಕದ ಮರಗಳ ಬುಡದಲ್ಲೆಲ್ಲ ಟಕ್ ಟಕ್ ಎಂದು ಮೂರು ತೂತು ಕೊರೆದ, ಒಳ್ಳೆಯ ಹಣ್ಣಿನ ಮರಗಳಿಗೆ ಒಂದೇ ತೂತು.

"ಮೂರು ತೂತು ಕಂಡರೆ ದೂರ ಸರಿಯಿರಿ. ಒಂದೇ ತೂತು ಕಂಡರೆ ಹೆದರಬೇಡಿ, ಒಳ್ಳೆಯ ಮರ" ಎಂದ.

ಆಮೇಲೆ ಒಂದು ಮರಿಯೂ ವಿಷದಿಂದ ಸಾಯಲಿಲ್ಲ. ಎಲ್ಲರೂ ಕುಟಿಗಪ್ಪನನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ತಲೆಗೇರಿದ ಮೇಲೆ ಕೊಕ್ಕು ಸುಮ್ಮನಿರುತ್ತದೆಯೇ?

ಒಂದು ದಿನ ಸಭೆ ಸೇರಿತು. ಕಾಡಿನ ಹಿರಿಯ ಕಡವೆ ಹೇಳಿದ, "ಕುಟಿಗಪ್ಪಾ, ಮರಕ್ಕೆ ಹಾಕಿದ ಹಾಗೆ ಮನೆಗೂ ಗುರುತು ಹಾಕಿಬಿಡಪ್ಪ. ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಮಕ್ಕಳಿಗೆ ಗೊತ್ತಾಗಲಿ."

ಆಮೆ ತಾತ ಕತ್ತು ಹೊರಗೆ ಚಾಚಿದ. "ಕಾಸರಕ ಇವತ್ತೂ ವಿಷ, ನಾಳೆಯೂ ವಿಷ. ತಿಂದವನು ಸತ್ತದ್ದನ್ನು ನೋಡಿ ಗುರುತು ಹಾಕಿದಿರಿ, ಸರಿ. ಇವರಿಗೆಲ್ಲ ಏನು ನೋಡಿ ಹಾಕುತ್ತೀರಿ?"

"ಮುಖ ನೋಡಿದರೆ ಗೊತ್ತಾಗಲ್ವಾ ತಾತ?" ಎಂದ ಕುಟಿಗಪ್ಪ.

"ಬೆಳ್ಳಗಿರೋದೆಲ್ಲ ಹಾಲಲ್ಲಪ್ಪಾ."

"ನಿನ್ನ ಕಾಲಿನ ಹಾಗೆ ನಿನ್ನ ಬುದ್ಧಿಯೂ ನಿಧಾನ" ಎಂದು ಕಡವೆ ನಕ್ಕ. ಎಲ್ಲರೂ ನಕ್ಕರು.

ಮೆರವಣಿಗೆ ನೇರವಾಗಿ ಮತ್ತಿಮರಕ್ಕೆ ಬಂತು. ಕುಟಿಗಪ್ಪ ಮುಳ್ಳಜ್ಜಿಯನ್ನು ಮೇಲಿಂದ ಕೆಳಗೆ ನೋಡಿದ.

"ಮೈತುಂಬ ಈಟಿ ಇಟ್ಟುಕೊಂಡವಳು ಸಾಧುವಂತೆ! ಯಾರು ನಂಬುತ್ತಾರೆ? ಹೋದ ತಿಂಗಳು ಇನ್ನೊಂದು ಜಿಂಕೆಮರಿ ಕಾಣೆಯಾಯ್ತಲ್ಲ, ಅದು ಎಲ್ಲಿ ಹೋಯ್ತು?"

"ನಾನು ಗೆಡ್ಡೆ ತಿನ್ನೋಳು ಕಣಪ್ಪ. ನನ್ನ ಮುಳ್ಳು ಯಾರಿಗಾದರೂ ಸುಮ್ಮನೆ ಚುಚ್ಚಿದ್ದುಂಟಾ?"

"ಚುಚ್ಚೋಕಲ್ಲದಿದ್ದರೆ ಯಾಕೆ ಬೆಳೆಸಿಕೊಂಡೆ?"

ಅಜ್ಜಿ ಗರಿಕಮ್ಮನ ಕಡೆ ತಿರುಗಿದಳು. "ನೀನಾದರೂ ಒಂದು ಮಾತು ಹೇಳೇ."

ಗರಿಕಮ್ಮನಿಗೆ ಎಲ್ಲ ಗೊತ್ತಿತ್ತು. ಅವಳ ಮರಿಗಳ ಹೊಟ್ಟೆಯಲ್ಲಿ ಆ ಹೊತ್ತೂ ಅಜ್ಜಿ ಕೊಟ್ಟ ಗೆಣಸೇ ಇತ್ತು. ಹೇಳಬೇಕೆಂದು ಬಾಯಿ ತೆರೆದಳು. ಸುತ್ತ ನೋಡಿದರೆ ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದರು. ಅವಳು ತಲೆ ತಗ್ಗಿಸಿ ಹುಲ್ಲು ಮೇಯತೊಡಗಿದಳು.

ಟಕ್, ಟಕ್, ಟಕ್. ಮೂರು ತೂತು ಬಿತ್ತು.

ಅಲ್ಲಿಂದ ಸ್ವಲ್ಪ ದೂರದ ಬಸರಿಮರದ ಬುಡದಲ್ಲಿ ಗುಡ್ಡದಾಚೆಯಿಂದ ಬಂದ ಒಂದು ಹೆಬ್ಬಾವು ಬಿಲ ಹಿಡಿದಿತ್ತು. ಆ ಕಾಡಿನಲ್ಲಿ ಯಾರೂ ಮೊದಲು ಹೆಬ್ಬಾವನ್ನು ಕಂಡಿರಲಿಲ್ಲ. ನುಣುಪಾದ ಮೈ, ಬಣ್ಣಬಣ್ಣದ ಚಿತ್ತಾರ. ಕೊಂಬಿಲ್ಲ, ಉಗುರಿಲ್ಲ, ಮುಳ್ಳಂತೂ ಇಲ್ಲವೇ ಇಲ್ಲ.

"ನಮಸ್ಕಾರ. ಒಂದು ತಿಂಗಳಿಂದ ನಾನು ಏನೂ ತಿಂದಿಲ್ಲ, ಉಪವಾಸ" ಎಂದು ಅದು ಮೆಲುದನಿಯಲ್ಲಿ ಹೇಳಿತು. ತಿಂಗಳ ಹಿಂದೆ ಏನು ನುಂಗಿತ್ತೆಂದು ಅದು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

"ಎಂಥ ಸಾಧು ಮುಖ!" ಎಂದ ಕುಟಿಗಪ್ಪ. ಟಕ್. ಒಂದೇ ತೂತು.

ಮರುದಿನ ಮರಿಗಳು ಮತ್ತಿಮರದ ಕಡೆ ಹೊರಟಾಗ ಗರಿಕಮ್ಮ ಅಡ್ಡ ನಿಂತಳು.

"ಯಾಕವ್ವಾ? ಅಜ್ಜಿ ಗೆಣಸು ಕೊಡ್ತಾಳಲ್ಲ?"

"ಮೂರು ತೂತು ಕಾಣಲ್ವಾ ನಿಮಗೆ? ಸುಮ್ಮನೆ ಬನ್ನಿ."

ಮುಳ್ಳಜ್ಜಿ ಎಷ್ಟೋ ದಿನ ಗೆಣಸು ಎತ್ತಿಟ್ಟು ಕಾದಳು. ಅದು ಬಿಲದ ಬಾಯಲ್ಲೇ ಒಣಗಿತು.

ಬೇಸಿಗೆಯ ಒಂದು ಮಧ್ಯಾಹ್ನ ಕಾಡಿಗೆ ಕಿಚ್ಚು ಹತ್ತಿತು. ಒಣಹುಲ್ಲು ಚಟಪಟ ಉರಿಯುತ್ತ ಬಂತು. ಕಾಲಿದ್ದವರು ಓಡಿದರು, ರೆಕ್ಕೆಯಿದ್ದವರು ಹಾರಿದರು. ಎಲ್ಲರಿಗಿಂತ ಮೊದಲು ಹಾರಿದವನು ಕುಟಿಗಪ್ಪ. ಎಳೆಯ ಮರಿಗಳನ್ನು ಕಟ್ಟಿಕೊಂಡ ಗರಿಕಮ್ಮ ಎಲ್ಲಿಗೆ ಓಡಬೇಕು? ಮತ್ತಿಮರ ಹತ್ತು ನೆಗೆತದಷ್ಟು ಹತ್ತಿರವಿತ್ತು. ಮುಳ್ಳಜ್ಜಿ ಬಿಲದ ಬಾಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು.

"ಬಾರೇ ಗರಿಕಮ್ಮಾ! ಮರಿಗಳನ್ನು ಒಳಗೆ ತಳ್ಳೇ! ಜಾಗ ಇದೆ, ಬಾರೇ!"

ದೊಡ್ಡ ಮರಿ ಆ ಕಡೆ ನೆಗೆಯಿತು. ಗರಿಕಮ್ಮ ಅದರ ಕಿವಿ ಕಚ್ಚಿ ಹಿಂದಕ್ಕೆಳೆದಳು. ಹೊಗೆಯ ನಡುವೆಯೂ ಅವಳಿಗೆ ಆ ಮೂರು ತೂತು ಕಾಣುತ್ತಿತ್ತು. ಬಸರಿಮರದ ತನಕ ಮರಿಗಳನ್ನು ಓಡಿಸಿಕೊಂಡು ಹೋದಳು.

"ಅಯ್ಯಾ, ನನ್ನ ಮಕ್ಕಳು!"

"ಒಳಗೆ ಬಿಡು ತಾಯಿ" ಎಂದಿತು ಹೆಬ್ಬಾವು.

ಒಂದಾದ ಮೇಲೊಂದು ಮೂರೂ ಮರಿಗಳು ಕತ್ತಲೊಳಗೆ ಹೋದವು. ಗರಿಕಮ್ಮ ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು.

"ಮಕ್ಕಳಾ, ಒಳಗೆ ಹೊಗೆ ಇಲ್ಲ ತಾನೆ?"

ಸ್ವಲ್ಪ ಹೊತ್ತಿಗೆ ಆ ನುಣುಪು ಮುಖ ಹೊರಗೆ ಬಂತು. ಕತ್ತಿನ ಕೆಳಗೆ ಮೂರು ಉಬ್ಬುಗಳಿದ್ದವು.

"ಎಲ್ಲ ಮಲಗಿದ್ದಾರೆ. ನೀನೂ ಬಾ ತಾಯಿ."

ಕಿಚ್ಚು ದಾಟಿಹೋದ ಮೇಲೆ ಮುಳ್ಳಜ್ಜಿಯ ಬಿಲದಿಂದ ಆಮೆ ತಾತ ಹೊರಗೆ ಬಂದ. ಅವನ ಹಿಂದೆ ನಾಲ್ಕು ಬುರಲಿ ಹಕ್ಕಿಯ ಮರಿಗಳು ಬಂದವು. ಅವಕ್ಕೆ ಇನ್ನೂ ಎಣಿಸಲು ಬರುತ್ತಿರಲಿಲ್ಲ, ಬದುಕಿಕೊಂಡವು.

ಹೆಬ್ಬಾವಿನಿಂದ ತಪ್ಪಿಸಿಕೊಂಡು ಹಳ್ಳದ ಕೆಸರಿನಲ್ಲಿ ಅಡಗಿ ಬದುಕಿದ್ದ ಗರಿಕಮ್ಮ ಸುಟ್ಟ ಹುಲ್ಲಿನ ಮೇಲೆ ಒಬ್ಬಳೇ ನಡೆದು ಬಂದಳು. ಮುಳ್ಳಜ್ಜಿ ಅವಳ ಹಿಂದೆ ನೋಡಿದಳು. ಯಾರೂ ಇರಲಿಲ್ಲ.

"ನಾನು ಕೂಗಿದ್ದು ಕೇಳಿಸಲಿಲ್ಲವೇನೇ?"

"ಕೇಳಿಸಿತು ಅಜ್ಜಿ" ಎಂದಳು ಗರಿಕಮ್ಮ.

ಮತ್ತೆ ಸಭೆ ಸೇರಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಬಸರಿಮರಕ್ಕೆ ಇನ್ನೆರಡು ತೂತು ಕೊರೆದದ್ದಾಯಿತು. ಆದರೆ ಹೆಬ್ಬಾವು ಆಗಲೇ ಬೇರೆ ಮರಕ್ಕೆ ಹೋಗಿತ್ತು.

"ಅಜ್ಜಿಯ ಮರದ್ದು ತೆಗೆದುಬಿಡಪ್ಪ" ಎಂದ ಆಮೆ ತಾತ.

ಕುಟಿಗಪ್ಪ ಕೊಕ್ಕು ಉಜ್ಜಿಕೊಂಡ. "ನನಗೆ ಕೊರೆಯೋದು ಗೊತ್ತು ತಾತ. ಮುಚ್ಚೋದು ಗೊತ್ತಿಲ್ಲ."

ಅಂದಿನಿಂದ ಗರಿಕಮ್ಮನೇ ಹಳ್ಳದ ಮಣ್ಣು ಕಲಸಿ ತಂದು ಆ ಮೂರು ತೂತನ್ನು ಮುಚ್ಚುತ್ತಾಳೆ. ಒಂದು ಮಳೆ ಬಂದರೆ ಮಣ್ಣು ತೊಳೆದುಹೋಗುತ್ತದೆ. ಮತ್ತೆ ತರುತ್ತಾಳೆ. ಹೊಸದಾಗಿ ಮರಿ ಹಾಕಿದ ತಾಯಂದಿರು ದೂರದಲ್ಲೇ ನಿಂತು ಮರಿಗಳಿಗೆ ಹೇಳುತ್ತಾರೆ:

"ಆ ಮೊಲದ ಹತ್ತಿರ ಹೋಗಬೇಡಿ. ಅದು ಮೂರು ತೂತಿನ ಮನೆಗೆ ಹೋಗಿಬರೋ ಮೊಲ."

ನೀತಿ: ಮೈಬಣ್ಣ, ಮುಖ, ಕುಲ ನೋಡಿ ಅಂಟಿಸಿದ ಹಣೆಪಟ್ಟಿ ಕೆಟ್ಟವರನ್ನು ಹಿಡಿದುಕೊಡುವುದಿಲ್ಲ, ಕೂಗಿ ಕರೆಯುವ ಒಳ್ಳೆಯವರ ಬಾಗಿಲನ್ನು ಮುಚ್ಚುತ್ತದೆ, ಅಷ್ಟೇ.